‘ಡಿಸ್‌ಕನೆಕ್ಟ್’ ಪದದ ಕನ್ನಡ ಪರ್ಯಾಯಗಳು: ‘ಸಂಪರ್ಕ ಕಡಿತ’ದ ಅರ್ಥವಿವೇಚನೆ

ಒಂದು ಭಾಷೆಯ ಪದ ಇನ್ನೊಂದು ಭಾಷೆಗೆ ಬರುವಾಗ ಅದರ ಅರ್ಥವೆಲ್ಲವೂ ಜೊತೆಯಲ್ಲಿ ಬರುವುದಿಲ್ಲ. ಬಂದಷ್ಟು ಅರ್ಥವೂ ಆ ಭಾಷೆಯಲ್ಲಿ ಮೊದಲಿನಿಂದ ನೆಲೆಸಿರುವ ಪದಗಳ ನಡುವೆ ತನ್ನ ಜಾಗವನ್ನು ಹುಡುಕಿಕೊಳ್ಳಬೇಕಾಗುತ್ತದೆ. ಈ ಹುಡುಕಾಟದಲ್ಲಿ ಕೆಲವೊಮ್ಮೆ ಹೊಸ ಅರ್ಥಕ್ಕೆ ಹಳೆಯ ಪದ ಒಗ್ಗಿಕೊಳ್ಳುತ್ತದೆ. ಕೆಲವೊಮ್ಮೆ ಹಳೆಯ ಪದದ ಭಾರವೇ ಹೊಸ ಅರ್ಥವನ್ನು ಬಾಗಿಸಿಬಿಡುತ್ತದೆ. ಇಂಗ್ಲಿಷಿನ ‘ಡಿಸ್‌ಕನೆಕ್ಟ್’ ಎಂಬ ಪದ ಕನ್ನಡದಲ್ಲಿ ‘ಸಂಪರ್ಕ ಕಡಿತ’ವಾಗಿ ರೂಢಿಗೊಂಡಿರುವುದು ಎರಡನೆಯ ಬಗೆಗೆ ಒಳ್ಳೆಯ ನಿದರ್ಶನ. ವಿದ್ಯುತ್ತಿನ ಬಿಲ್ಲು, ನಲ್ಲಿ ನೀರಿನ ನೋಟೀಸು, ದೂರವಾಣಿ, ಪ್ರವಾಹದ ಸುದ್ದಿ, ಮನುಷ್ಯ ಸಂಬಂಧಗಳ ಕುರಿತ ಮಾತು ಇವೆಲ್ಲದರಲ್ಲಿಯೂ ಈ ಪದ ಇಂದು ಕಾಣಿಸಿಕೊಳ್ಳುತ್ತದೆ. ಇದರ ರಚನೆ, ಅರ್ಥವ್ಯಾಪ್ತಿ ಮತ್ತು ಬಳಕೆಯ ಸಂದರ್ಭಗಳನ್ನು ಮೈಸೂರು ನಗರದ ಆಡುಮಾತು ಹಾಗೂ ಆಡಳಿತದ ಬರವಣಿಗೆಗಳನ್ನು ಮುಖ್ಯವಾಗಿ ಲಕ್ಷಿಸಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದು ಕೇವಲ ನಿಘಂಟಿನ ಪ್ರಶ್ನೆಯಲ್ಲ. ಒಂದು ಮನೆಯ ದೀಪ ಆರಿಸುವ ಮುನ್ನ ಆ ಮನೆಯವರಿಗೆ ಬರುವ ಕಾಗದದಲ್ಲಿ ಏನು ಬರೆದಿದೆ, ಅದನ್ನು ಅವರು ಏನೆಂದು ಓದಿಕೊಳ್ಳುತ್ತಾರೆ ಎಂಬುದು ಅವರ ಹಕ್ಕಿನ ಪ್ರಶ್ನೆಯೂ ಆಗಿದೆ.

1. ಮೂಲ ಪದದ ರಚನೆ

‘ಡಿಸ್‌ಕನೆಕ್ಟ್’ ಪದದಲ್ಲಿ ಎರಡು ಭಾಗಗಳಿವೆ. ‘ಕನೆಕ್ಟ್’ ಎಂಬುದು ಲ್ಯಾಟಿನ್ನಿನ ‘ಕಾನ್’ (ಒಟ್ಟಿಗೆ) ಮತ್ತು ‘ನೆಕ್ಟೆರೆ’ (ಕಟ್ಟು, ಬಿಗಿ) ಎಂಬವುಗಳಿಂದ ಬಂದುದು. ಆದ್ದರಿಂದ ಅದರ ಮೂಲಾರ್ಥ ‘ಒಟ್ಟಿಗೆ ಕಟ್ಟು’ ಎಂದಾಗುತ್ತದೆ. ಅದಕ್ಕೆ ಸೇರಿದ ‘ಡಿಸ್’ ಎಂಬ ಪೂರ್ವಪ್ರತ್ಯಯ ಬೇರ್ಪಡಿಕೆಯನ್ನು, ಮಾಡಿದ್ದನ್ನು ಹಿಂದೆಗೆಯುವುದನ್ನು ಸೂಚಿಸುತ್ತದೆ. ಹೀಗಾಗಿ ಇಡೀ ಪದದ ಮೂಲಾರ್ಥ ‘ಕಟ್ಟಿದ್ದನ್ನು ಬಿಚ್ಚು’ ಎಂದೇ ಹೊರತು ‘ಕಡಿ’ ಎಂದಲ್ಲ. ಕಡಿಯುವುದಕ್ಕೆ ಇಂಗ್ಲಿಷಿನಲ್ಲಿ ‘ಕಟ್’, ‘ಸೆವರ್’ ಮುಂತಾದ ಬೇರೆ ಪದಗಳಿವೆ.

ಈ ವ್ಯತ್ಯಾಸ ಸೂಕ್ಷ್ಮವಾಗಿ ಕಂಡರೂ ಮುಖ್ಯವಾದುದು. ಕತ್ತರಿಸಿದಾಗ ವಸ್ತುವಿಗೆ ಗಾಯವಾಗುತ್ತದೆ. ಬಿಚ್ಚಿದಾಗ ವಸ್ತು ಹಾಗೆಯೇ ಉಳಿದು ಬಂಧ ಮಾತ್ರ ಸಡಿಲುತ್ತದೆ. ಗೋಡೆಯ ಪ್ಲಗ್ಗಿನಿಂದ ತಂತಿಯನ್ನು ತೆಗೆಯುವುದು ‘ಡಿಸ್‌ಕನೆಕ್ಟ್’; ತಂತಿಯನ್ನೇ ಇಕ್ಕಳದಿಂದ ತುಂಡು ಮಾಡುವುದು ‘ಕಟ್’. ಮೊದಲನೆಯದರಲ್ಲಿ ಮತ್ತೆ ಜೋಡಿಸುವ ಸಾಧ್ಯತೆ ಪದದ ಒಳಗೇ ಇದೆ.

2. ಸಂಬಂಧ ಮತ್ತು ಸಂಪರ್ಕ

‘ಕನೆಕ್ಷನ್’ ಎಂಬುದಕ್ಕೆ ಕನ್ನಡದಲ್ಲಿ ಎರಡು ಸಂಸ್ಕೃತ ಪದಗಳು ಲಭ್ಯವಿದ್ದವು: ‘ಸಂಬಂಧ’ ಮತ್ತು ‘ಸಂಪರ್ಕ’. ‘ಸಂಬಂಧ’ವು ‘ಬಂಧ್’ ಧಾತುವಿನಿಂದ ಬಂದುದರಿಂದ ಕಟ್ಟುವಿಕೆಯ ಅರ್ಥವನ್ನು ಒಳಗೊಂಡಿದೆ. ರಚನೆಯ ದೃಷ್ಟಿಯಿಂದ ಇದೇ ಇಂಗ್ಲಿಷ್ ಪದಕ್ಕೆ ಹೆಚ್ಚು ಹತ್ತಿರದ್ದು. ‘ಸಂಪರ್ಕ’ವು ‘ಪೃಚ್’ ಧಾತುವಿನಿಂದ ಬಂದುದು. ಕೂಡುವಿಕೆ, ಬೆರೆಯುವಿಕೆ, ತಾಗುವಿಕೆ ಅದರ ಅರ್ಥ. ಆದರೆ ಕನ್ನಡದ ರೂಢಿ ಈ ಎರಡಕ್ಕೂ ಕೆಲಸವನ್ನು ಬೇರೆ ಬೇರೆಯಾಗಿ ಹಂಚಿತು. ರಕ್ತ, ಮದುವೆ, ನೆಂಟಸ್ತಿಕೆಗಳಿಗೆ ‘ಸಂಬಂಧ’ ಮೀಸಲಾಯಿತು. ‘ಸಂಬಂಧ ಬೆಳೆಸುವುದು’ ಎಂದರೆ ಇಂದಿಗೂ ಮದುವೆಯ ಮಾತುಕತೆಯೇ. ತಂತಿ, ಕೊಳವೆ, ರಸ್ತೆ, ದೂರವಾಣಿಗಳಿಗೆ ‘ಸಂಪರ್ಕ’ ಬಂತು. ‘ವಿದ್ಯುತ್ ಸಂಪರ್ಕ’, ‘ನಲ್ಲಿ ಸಂಪರ್ಕ’, ‘ಒಳಚರಂಡಿ ಸಂಪರ್ಕ’, ‘ಸಂಪರ್ಕ ರಸ್ತೆ’ ಇವು ಈ ಹಂಚಿಕೆಯ ಫಲಗಳು.

ಈ ಹಂಚಿಕೆಗೆ ಸಾಮಾಜಿಕ ಹಿನ್ನೆಲೆಯೂ ಇದೆ. ಶಿವನಸಮುದ್ರದ ಜಲವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು 1905ರಲ್ಲಿ. ಹಳೆಯ ಮೈಸೂರು ಸಂಸ್ಥಾನದ ನಗರಜೀವನಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ತಂತಿ, ಕೊಳವೆಗಳ ವ್ಯವಸ್ಥೆ ಪರಿಚಯವಾಯಿತು. ಮನೆಗೂ ಸರ್ಕಾರಕ್ಕೂ ನಡುವೆ ನೆಂಟಸ್ತಿಕೆಯಲ್ಲದ, ಆದರೆ ದಿನನಿತ್ಯ ಅವಲಂಬಿಸಬೇಕಾದ ಹೊಸ ಬಗೆಯ ಕೊಂಡಿಯೊಂದು ಏರ್ಪಟ್ಟಿತು. ಅದನ್ನು ಹೇಳಲು ‘ಸಂಬಂಧ’ಕ್ಕಿಂತ ತಟಸ್ಥವಾದ ಪದ ಬೇಕಾಗಿತ್ತು, ‘ಸಂಪರ್ಕ’ ಆ ಜಾಗವನ್ನು ತುಂಬಿತು.

‘ಸಂಪರ್ಕ’ದ ಹಳೆಯ ಅರ್ಥ ಪೂರ್ತಿಯಾಗಿ ಅಳಿದಿಲ್ಲವೆಂಬುದು 2020ರ ಕೊರೋನಾ ಕಾಲದಲ್ಲಿ ಸ್ಪಷ್ಟವಾಯಿತು. ‘ಪ್ರಾಥಮಿಕ ಸಂಪರ್ಕಿತರು’, ‘ಸೋಂಕಿತರ ಸಂಪರ್ಕ’ ಎಂಬ ಪ್ರಯೋಗಗಳಲ್ಲಿ ತಾಗುವಿಕೆ, ಬೆರೆಯುವಿಕೆ ಎಂಬ ಮೂಲಾರ್ಥವೇ ಮೇಲೆದ್ದು ಬಂದಿತು. ಆಗ ಬಂಧ ಕಡಿಯುವುದು ಒಳಿತೆಂಬ ಭಾವವೂ ಜೊತೆಗೂಡಿತು. ‘ಸೋಂಕಿನ ಸರಪಳಿಯನ್ನು ತುಂಡರಿಸಿ’ ಎಂಬ ಕರೆ ಮನೆಮಾತಾಯಿತು. ಒಂದೇ ಪದ ಒಂದು ಕಡೆ ಬೇಕಾದ ಕೊಂಡಿಯನ್ನೂ ಇನ್ನೊಂದು ಕಡೆ ಬೇಡವಾದ ತಾಗುವಿಕೆಯನ್ನೂ ಸೂಚಿಸಬಲ್ಲುದು ಎಂಬುದು ಇದರಿಂದ ವೇದ್ಯವಾಗುತ್ತದೆ.

3. ಬೇರ್ಪಡಿಕೆಯ ಕನ್ನಡ ಧಾತುಗಳು

ಬಂಧ ತಪ್ಪುವುದನ್ನು ಹೇಳಲು ಕನ್ನಡದಲ್ಲಿ ಧಾತುಗಳ ಕೊರತೆಯಿಲ್ಲ. ಬಿಚ್ಚು, ಕಳಚು, ಬಿಡು, ಹರಿ, ಮುರಿ, ಕೀಳು, ಕಡಿ, ಕತ್ತರಿಸು, ತುಂಡರಿಸು, ಬೇರ್ಪಡಿಸು ಇವು ಸಾಮಾನ್ಯ ಬಳಕೆಯವು. ಮೇಲ್ನೋಟಕ್ಕೆ ಇವು ಸಮಾನಾರ್ಥಕಗಳೆನಿಸಿದರೂ ಇವುಗಳೊಳಗೆ ಒಂದು ಕ್ರಮವಿದೆ. ಬೇರ್ಪಟ್ಟದ್ದನ್ನು ಮತ್ತೆ ಕೂಡಿಸುವುದು ಎಷ್ಟು ಸುಲಭ ಎಂಬುದನ್ನು ಅಳತೆಯಾಗಿ ಇಟ್ಟುಕೊಂಡರೆ ಆ ಕ್ರಮ ಗೋಚರಿಸುತ್ತದೆ.

‘ಬಿಚ್ಚು’ ಗಂಟಿಗೆ ಸಂಬಂಧಿಸಿದ್ದು. ಬಿಚ್ಚಿದ ಗಂಟನ್ನು ಮತ್ತೆ ಕಟ್ಟಬಹುದು. ‘ಕಳಚು’ ಕೊಂಡಿ, ಕೀಲು, ತೊಟ್ಟುಗಳಿಗೆ ಸಂಬಂಧಿಸಿದ್ದು. ಸರದ ಕೊಂಡಿ ಕಳಚಿದರೆ ಮತ್ತೆ ಸಿಕ್ಕಿಸಬಹುದು. ಹಣ್ಣು ತೊಟ್ಟು ಕಳಚಿದರೆ ಅದು ಸಹಜವಾಗಿ ಆದ ಬೇರ್ಪಡಿಕೆ, ಅಲ್ಲಿ ಯಾರ ತಪ್ಪೂ ಇಲ್ಲ. ‘ಹರಿ’ ಬಟ್ಟೆ, ಕಾಗದ, ಹಗ್ಗಗಳಿಗೆ ಅನ್ವಯಿಸುತ್ತದೆ. ಹರಿದದ್ದನ್ನು ಹೊಲಿಯಬಹುದು, ಗಂಟು ಹಾಕಬಹುದು, ಆದರೆ ಗುರುತು ಉಳಿಯುತ್ತದೆ. ‘ಮುರಿ’ ಗಡುಸಾದ ವಸ್ತುವಿಗೆ ಸಲ್ಲುತ್ತದೆ. ಅದನ್ನು ಬೆಸೆಯಲು ಬೆಂಕಿ ಬೇಕು. ‘ಕೀಳು’ ಬೇರು ಸಮೇತ ತೆಗೆಯುವುದು. ‘ಕಡಿ’ ಎಂಬುದು ಮರಕ್ಕೆ ಕೊಡಲಿ ಹಾಕಿದಂತೆ. ಕಡಿದ ಮರವನ್ನು ಬುಡಕ್ಕೆ ಕೂಡಿಸಲಾಗದು.

ಇವುಗಳಲ್ಲಿ ‘ಹರಿ’ ಧಾತುವಿನ ಚರಿತ್ರೆ ವಿಶೇಷವಾಗಿ ಗಮನಾರ್ಹ. ಹಳಗನ್ನಡದಲ್ಲಿ ‘ಪರಿ’ ಮತ್ತು ‘ಪಱಿ’ ಎಂಬ ಎರಡು ಬೇರೆ ಧಾತುಗಳಿದ್ದವು. ಮೊದಲನೆಯದು ಓಡು, ಹರಿಯು, ಪ್ರವಹಿಸು ಎಂಬರ್ಥದ್ದು. ಶಕಟರೇಫವುಳ್ಳ ಎರಡನೆಯದು ಕತ್ತರಿಸು, ತುಂಡಾಗು ಎಂಬರ್ಥದ್ದು. ಮುಂದೆ ಪಕಾರ ಹಕಾರವಾಗಿ, ‘ಱ’ ಮತ್ತು ‘ರ’ಗಳ ಭೇದವೂ ಅಳಿದು, ಎರಡೂ ಹೊಸಗನ್ನಡದಲ್ಲಿ ‘ಹರಿ’ ಆದವು. ಇದರಿಂದ ವಿದ್ಯುತ್ ‘ಹರಿಯುತ್ತದೆ’ ಎಂದಾಗ ಪ್ರವಾಹ, ತಂತಿ ‘ಹರಿಯಿತು’ ಎಂದಾಗ ವಿಚ್ಛೇದ ಎಂಬ ವಿಲಕ್ಷಣ ಸ್ಥಿತಿ ಉಂಟಾಗಿದೆ. ತಾಂತ್ರಿಕ ಬರವಣಿಗೆಯಲ್ಲಿ ‘ಹರಿ’ಗೆ ಬೇರ್ಪಡಿಕೆಯ ಅರ್ಥದಲ್ಲಿ ಸ್ಥಾನ ಸಿಗದೆ ‘ಕಡಿ’ಯೇ ಮುಂದೆ ಬಂದುದಕ್ಕೆ ಈ ಸಂದಿಗ್ಧತೆಯೂ ಒಂದು ಕಾರಣವಾಗಿರಬಹುದು.

ಮನುಷ್ಯ ಸಂಬಂಧಗಳಿಗೆ ಬಂದಾಗ ಈ ಧಾತುಗಳೇ ರೂಪಕಗಳಾಗುತ್ತವೆ. ‘ನಂಟು ಹರಿಯಿತು’, ‘ಮನಸ್ಸು ಮುರಿಯಿತು’, ‘ಮಾತು ಬಿಟ್ಟಿದ್ದಾರೆ’, ‘ಸಂಬಂಧ ಕಡಿದುಕೊಂಡರು’ ಎಂಬಲ್ಲಿ ಒಂದೊಂದಕ್ಕೂ ಬೇರೆ ಬೇರೆ ತೂಕವಿದೆ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆಂದರೆ ಹಬ್ಬಕ್ಕೋ ಸಾವಿಗೋ ಮತ್ತೆ ಕೂಡುವ ನಿರೀಕ್ಷೆ ಊರಿಗಿರುತ್ತದೆ. ಸಂಬಂಧ ಕಡಿದುಕೊಂಡಿದ್ದಾರೆಂದರೆ ಆ ನಿರೀಕ್ಷೆಯಿಲ್ಲ. ಮಕ್ಕಳ ಲೋಕದಲ್ಲಿ ‘ಟೂ ಬಿಡುವುದು’ ಎಂಬ ಪ್ರಯೋಗವೂ ‘ಬಿಡು’ ಧಾತುವನ್ನೇ ಆರಿಸಿಕೊಂಡಿದೆ. ಸಂಜೆಯೊಳಗೆ ಮುಗಿಯುವ ಮುನಿಸಿಗೆ ‘ಕಡಿ’ ಹೊಂದದು. ಮದುವೆಯ ಬಿಡುಗಡೆಗೆ ಕರ್ನಾಟಕದ ಹಲವು ಭಾಗಗಳಲ್ಲಿ ‘ಸೋಡಚೀಟಿ’ ಎಂಬ ಪದ ಬಳಕೆಯಲ್ಲಿತ್ತು. ಮರಾಠಿಯಿಂದ ಬಂದ ಈ ಪದದ ಅರ್ಥ ‘ಬಿಡುವ ಚೀಟಿ’ ಎಂದು. 1955ರ ಹಿಂದೂ ವಿವಾಹ ಕಾಯಿದೆಯ ನಂತರ ನ್ಯಾಯಾಲಯದ ಭಾಷೆಯಲ್ಲಿ ‘ವಿವಾಹ ವಿಚ್ಛೇದನ’ ನೆಲೆಯೂರಿತು. ‘ಬಿಡು’ವಿನಿಂದ ‘ಛೇದ’ಕ್ಕೆ, ಅಂದರೆ ಬಿಡುವುದರಿಂದ ಕತ್ತರಿಸುವುದಕ್ಕೆ, ಪದ ಸರಿದಿರುವುದು ಇಲ್ಲಿಯೂ ಕಂಡುಬರುತ್ತದೆ.

4. ಕರ್ತೃವಿನ ಪ್ರಶ್ನೆ

ಬಂಧ ತಪ್ಪಿದ್ದು ತಾನಾಗಿಯೋ, ಯಾರಾದರೂ ತಪ್ಪಿಸಿದರೋ ಎಂಬುದನ್ನು ಕನ್ನಡವು ಧಾತುವಿಗೆ ಹತ್ತುವ ಇನ್ನೊಂದು ಕ್ರಿಯಾಪದದಿಂದ ಖಚಿತವಾಗಿ ಹೇಳಬಲ್ಲುದು. ‘ಕಡಿದುಹೋಯಿತು’ ಎಂದರೆ ತಾನಾಗಿ ಆದುದು. ‘ಕಡಿದುಹಾಕಿದರು’ ಎಂದರೆ ಒಬ್ಬರು ಬೇಕೆಂದೇ ಮಾಡಿದ್ದು. ‘ಕಡಿದುಕೊಂಡರು’ ಎಂದರೆ ತಮ್ಮ ಪಾಲಿಗೆ ತಾವೇ ಮಾಡಿಕೊಂಡಿದ್ದು. ‘ಕಡಿದುಬಿಟ್ಟರು’ ಎಂದರೆ ಇನ್ನು ಹಿಂದಿರುಗಲಾಗದಂತೆ ಮುಗಿಸಿದ್ದು. ಇಂಗ್ಲಿಷಿನ ‘ಡಿಸ್‌ಕನೆಕ್ಟೆಡ್’ ಎಂಬ ಒಂದು ರೂಪ ಈ ನಾಲ್ಕರ ನಡುವಿನ ಅಂತರವನ್ನು ತನ್ನಷ್ಟಕ್ಕೆ ತೋರಿಸಲಾರದು. ಅದಕ್ಕೆ ಬೇರೆ ಪದಗಳ ನೆರವು ಬೇಕು.

ದೂರವಾಣಿಯ ಮಾತಿನಲ್ಲಿ ಈ ಶಕ್ತಿ ಇನ್ನೂ ಜೀವಂತವಾಗಿದೆ. ಮೈಸೂರಿನ ಮನೆಗಳಲ್ಲಿ ಮಾತು ಮುಗಿಸುವಾಗ ‘ಇಡ್ತೀನಮ್ಮ’, ‘ಇಡ್ಲಾ?’ ಎಂದು ಕೇಳುವುದು ವಾಡಿಕೆ. ರಿಸೀವರನ್ನು ಅದರ ತೊಟ್ಟಿಲ ಮೇಲೆ ಇಡುತ್ತಿದ್ದ ಕಾಲದ ಈ ಕ್ರಿಯಾಪದ, ಇಡುವ ವಸ್ತುವೇ ಇಲ್ಲದ ಮೊಬೈಲಿನ ಕಾಲದಲ್ಲೂ ಉಳಿದುಕೊಂಡಿದೆ. ‘ಇಡು’ ಎಂಬಲ್ಲಿ ಮೃದುತ್ವವಿದೆ. ಎದುರಿನವರ ಅನುಮತಿಯನ್ನು ಕೇಳುವ ಸೌಜನ್ಯವಿದೆ. ಅದೇ ಕ್ರಿಯೆ ಮುನಿಸಿನಿಂದ ನಡೆದರೆ ಅದು ‘ಇಡುವುದು’ ಆಗುವುದಿಲ್ಲ, ‘ಕಟ್ ಮಾಡಿದ’ ಎಂದಾಗುತ್ತದೆ. ಸಿಗ್ನಲ್ ಇಲ್ಲದೆ ನಿಂತರೆ ‘ಕಟ್ ಆಯ್ತು’ ಎಂದಾಗುತ್ತದೆ. ತಂತ್ರಜ್ಞಾನದ ದೃಷ್ಟಿಯಿಂದ ಮೂರೂ ಒಂದೇ. ಭಾಷೆಯ ದೃಷ್ಟಿಯಿಂದ ಒಂದು ಬೀಳ್ಕೊಡುಗೆ, ಒಂದು ಅವಮಾನ, ಮತ್ತೊಂದು ಆಕಸ್ಮಿಕ.

5. ‘ಕಟ್ಟು’ ಮತ್ತು ‘ಕಟ್’

ಆಡುಮಾತಿನಲ್ಲಿ ‘ಡಿಸ್‌ಕನೆಕ್ಟ್’ ಎಂಬುದರ ಕೆಲಸವನ್ನು ಬಹುಪಾಲು ‘ಕಟ್’ ಎಂಬ ಇಂಗ್ಲಿಷ್ ಪದವೇ ಮಾಡುತ್ತಿದೆ. ‘ಕರೆಂಟ್ ಕಟ್’, ‘ಲೈನ್ ಕಟ್’, ‘ಸಂಬಳ ಕಟ್’, ‘ಕ್ಲಾಸ್ ಕಟ್’ ಮುಂತಾಗಿ ಅದರ ವ್ಯಾಪ್ತಿ ವಿಸ್ತರಿಸಿದೆ. ಕನ್ನಡದಲ್ಲಿ ಈಗಾಗಲೇ ಇರುವ ‘ಕಟ್ಟು’ ಧಾತುವಿನ ಅರ್ಥ ಇದಕ್ಕೆ ನೇರ ವಿರುದ್ಧವಾದುದು: ಕಟ್ಟು ಎಂದರೆ ಬಿಗಿ, ಜೋಡಿಸು, ನಿರ್ಮಿಸು. ಮನೆ ಕಟ್ಟುವುದು, ತಾಳಿ ಕಟ್ಟುವುದು, ಹೂ ಕಟ್ಟುವುದು ಎಲ್ಲವೂ ಕೂಡಿಸುವ ಕ್ರಿಯೆಗಳೇ. ಇದರೊಂದಿಗೆ ಹಣ ಪಾವತಿಗೂ ‘ಕಟ್ಟು’ ಸಲ್ಲುತ್ತದೆ: ಕಂದಾಯ ಕಟ್ಟು, ಫೀಜು ಕಟ್ಟು, ಬಿಲ್ಲು ಕಟ್ಟು.

ಹೀಗಾಗಿ ‘ಬಿಲ್ ಕಟ್ಟದಿದ್ದರೆ ಕರೆಂಟ್ ಕಟ್’ ಎಂಬ ಸಾಮಾನ್ಯ ಮಾತಿನಲ್ಲಿ ಕೂಡಿಸುವ ಕನ್ನಡ ಧಾತುವೂ ಬೇರ್ಪಡಿಸುವ ಇಂಗ್ಲಿಷ್ ಪದವೂ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಕೇಳುಗನಿಗೆ ಗೊಂದಲವಾಗುವುದಿಲ್ಲ. ಏಕೆಂದರೆ ಕನ್ನಡ ಧಾತು ನೇರವಾಗಿ ಪ್ರತ್ಯಯಗಳನ್ನು ಪಡೆಯುತ್ತದೆ (ಕಟ್ಟಿದ, ಕಟ್ಟುತ್ತಾನೆ, ಕಟ್ಟದಿದ್ದರೆ). ಎರವಲು ಪದ ‘ಮಾಡು’ ಅಥವಾ ‘ಆಗು’ವಿನ ಆಸರೆಯಿಲ್ಲದೆ ಕ್ರಿಯಾಪದವಾಗುವುದಿಲ್ಲ (ಕಟ್ ಮಾಡಿದ, ಕಟ್ ಆಯ್ತು). ರೂಪದಲ್ಲಿ ಹತ್ತಿರವಿರುವ ಎರಡು ವಿರುದ್ಧಾರ್ಥಕ ಪದಗಳನ್ನು ವ್ಯಾಕರಣವೇ ಬೇರೆಯಾಗಿ ಇರಿಸಿರುವುದು ಇಲ್ಲಿನ ವಿಶೇಷ.

ಇದಲ್ಲದೆ ‘ಫ್ಯೂಸ್ ಕಿತ್ತರು’ ಎಂಬ ಮಾತೂ ಬಳಕೆಯಲ್ಲಿದೆ. ಬಾಕಿಗಾಗಿ ವಿದ್ಯುತ್ ನಿಲ್ಲಿಸುವಾಗ ಲೈನ್‌ಮನ್ ನಿಜಕ್ಕೂ ಮಾಡುವ ಕೆಲಸವನ್ನು ಇದು ಇದ್ದಂತೆ ಹೇಳುತ್ತದೆ. ತಂತಿಯನ್ನು ಯಾರೂ ಕಡಿಯುವುದಿಲ್ಲ. ಫ್ಯೂಸನ್ನು ಕಿತ್ತು ಒಯ್ಯುತ್ತಾರೆ, ಹಣ ಕಟ್ಟಿದ ಮೇಲೆ ತಂದು ಹಾಕುತ್ತಾರೆ. ಜನರ ಮಾತು ಕ್ರಿಯೆಗೆ ಹತ್ತಿರವಾಗಿದೆ, ಕಚೇರಿಯ ಮಾತು ಅದರಿಂದ ದೂರವಾಗಿದೆ.

6. ‘ಕಡಿತ’ದ ಅರ್ಥಭಾರ

‘ಕಡಿ’ ಧಾತುವಿಗೆ ‘ತ’ ಪ್ರತ್ಯಯ ಸೇರಿ ‘ಕಡಿತ’ ಎಂಬ ಕೃದಂತ ನಾಮ ಸಿದ್ಧಿಸುತ್ತದೆ. ಕುಣಿತ, ಇರಿತ, ಹೊಡೆತ, ಸೆಳೆತ ಇವು ಇದೇ ಮಾದರಿಯವು. ಮೊದಲಿಗೆ ಇದರ ಅರ್ಥ ಕಡಿಯುವಿಕೆ ಎಂದಷ್ಟೆ: ಹಾವಿನ ಕಡಿತ, ನಾಯಿ ಕಡಿತ, ಸೊಳ್ಳೆ ಕಡಿತ, ಮರ ಕಡಿತ. ಇಂಗ್ಲಿಷಿನ ‘ಕಟ್’ ಪದವು ಸಂಬಳ, ತೆರಿಗೆ, ವೆಚ್ಚಗಳಿಗೆ ಅನ್ವಯವಾಗುವಾಗ ಅದನ್ನು ಅನುವಾದಿಸಲು ಪತ್ರಿಕೆಗಳು ಮತ್ತು ಆಡಳಿತ ‘ಕಡಿತ’ವನ್ನೇ ಬಳಸಿದವು. ‘ವೇತನ ಕಡಿತ’, ‘ಬಡ್ಡಿದರ ಕಡಿತ’, ‘ವೆಚ್ಚ ಕಡಿತ’ ಎಂಬಲ್ಲಿ ಅರ್ಥ ‘ಕಡಿಮೆ ಮಾಡುವುದು’ ಎಂದಾಯಿತು. ‘ಮೂಲದಲ್ಲಿ ತೆರಿಗೆ ಕಡಿತ’ ಎಂಬಲ್ಲಿ ‘ಹಿಡಿದುಕೊಳ್ಳುವುದು, ಮುರಿದುಕೊಳ್ಳುವುದು’ ಎಂದಾಯಿತು. ಬೇರೆ ದಾರಿಯಿಂದ ಬಂದ ‘ಡಿಸ್‌ಕನೆಕ್ಷನ್’ ಪದಕ್ಕೂ ‘ಕಡಿತ’ವೇ ಒದಗಿತು. ಇಂಗ್ಲಿಷಿನಲ್ಲಿ ಬೇರೆಯಾಗಿದ್ದ ಹಲವು ಪದಗಳು ಕನ್ನಡದಲ್ಲಿ ಒಂದೇ ಪದದ ಬಾಗಿಲಲ್ಲಿ ಬಂದು ಸೇರಿದವು.

ಇದರ ಪರಿಣಾಮವನ್ನು ಮೂರು ಪ್ರಯೋಗಗಳನ್ನು ಹೋಲಿಸಿ ನೋಡಬಹುದು. ‘ವಿದ್ಯುತ್ ದರ ಕಡಿತ’ ಎಂದರೆ ಬಳಕೆದಾರನಿಗೆ ಸಂತೋಷದ ಸುದ್ದಿ. ‘ವಿದ್ಯುತ್ ಕಡಿತ’ ಎಂದರೆ ಇಡೀ ಬಡಾವಣೆಗೆ ಕೆಲವು ಗಂಟೆ ಕರೆಂಟ್ ಇರುವುದಿಲ್ಲ. ‘ವಿದ್ಯುತ್ ಸಂಪರ್ಕ ಕಡಿತ’ ಎಂದರೆ ಒಂದು ನಿರ್ದಿಷ್ಟ ಮನೆಗೆ, ನಿರ್ದಿಷ್ಟ ಕಾರಣಕ್ಕಾಗಿ ಪೂರೈಕೆ ನಿಲ್ಲುತ್ತದೆ. ನಡುವಿನ ಒಂದು ಪದದ ಬದಲಾವಣೆಯಿಂದ ಲಾಭ, ಅನನುಕೂಲ, ದಂಡನೆ ಎಂಬ ಮೂರು ಬೇರೆ ಸ್ಥಿತಿಗಳು ಸೂಚಿತವಾಗುತ್ತವೆ. ಓದುಬರಹ ಚೆನ್ನಾಗಿ ಬಲ್ಲವರಿಗೆ ಇದು ತೊಡಕಲ್ಲ. ಅಕ್ಷರ ಕೂಡಿಸಿ ಓದುವವರಿಗೆ ‘ಕಡಿತ’ ಒಂದೇ ಕಣ್ಣಿಗೆ ಬೀಳುತ್ತದೆ. ಬಡಾವಣೆಗೆ ಕರೆಂಟ್ ಇಲ್ಲದಿರುವುದನ್ನು ತಿಳಿಸಲು ದಿನಪತ್ರಿಕೆಗಳು ‘ವಿದ್ಯುತ್ ವ್ಯತ್ಯಯ’ ಎಂಬ ಶೀರ್ಷಿಕೆಯನ್ನು ರೂಢಿಸಿಕೊಂಡಿರುವುದು ಈ ಗೊಂದಲದಿಂದ ಹೊರಬರುವ ಒಂದು ದಾರಿಯೂ ಆಗಿದೆ.

ಪ್ರವಾಹದ ಸುದ್ದಿಗಳಲ್ಲಿ ‘ಸಂಪರ್ಕ ಕಡಿತ’ಕ್ಕೆ ಇನ್ನೊಂದು ಬಳಕೆಯಿದೆ. 2019ರ ಆಗಸ್ಟಿನಲ್ಲಿ ಕಪಿಲಾ ನದಿ ಉಕ್ಕಿ ನಂಜನಗೂಡಿನ ಬಳಿ ಮೈಸೂರು–ಊಟಿ ಹೆದ್ದಾರಿಯ ಮೇಲೆ ನೀರು ನಿಂತು ಸಂಚಾರ ನಿಂತಿತು. ಇಂತಹ ಸಂದರ್ಭಗಳಲ್ಲಿ ಸೇತುವೆ ಮುಳುಗಿದ ಊರುಗಳ ಬಗ್ಗೆ ‘ಗ್ರಾಮಗಳ ಸಂಪರ್ಕ ಕಡಿತ’ ಎಂದು ವರದಿಯಾಗುತ್ತದೆ. ಇಲ್ಲಿ ಕಡಿದವರು ಯಾರೂ ಇಲ್ಲ, ಸಂಪರ್ಕ ‘ಕಡಿದುಹೋಗಿದೆ’. ನಿಸರ್ಗದಿಂದ ಆದುದಕ್ಕೂ ಅಧಿಕಾರಿಯೊಬ್ಬರ ಆದೇಶದಿಂದ ಆದುದಕ್ಕೂ ಒಂದೇ ನಾಮಪದ ಬಳಕೆಯಾಗುತ್ತಿರುವುದರಿಂದ ಹಿಂದಿನ ಭಾಗದಲ್ಲಿ ಹೇಳಿದ ಕರ್ತೃವಿನ ಸೂಕ್ಷ್ಮ ಇಲ್ಲಿ ಅಳಿಸಿಹೋಗಿದೆ.

7. ಕಾನೂನಿನ ಪದ ಮತ್ತು ಸೂಚನಾಪತ್ರದ ವಾಕ್ಯ

ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ ಮತ್ತು ಕೊಡಗು ಜಿಲ್ಲೆಗಳಿಗೆ ವಿದ್ಯುತ್ ಪೂರೈಸುವುದು ಮೈಸೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಇದೂ ಸೇರಿದಂತೆ ದೇಶದ ಎಲ್ಲ ವಿತರಣಾ ಸಂಸ್ಥೆಗಳಿಗೆ ಅನ್ವಯಿಸುವುದು 2003ರ ವಿದ್ಯುಚ್ಛಕ್ತಿ ಕಾಯಿದೆ. ಬಾಕಿ ಉಳಿಸಿಕೊಂಡವರಿಗೆ ಪೂರೈಕೆ ನಿಲ್ಲಿಸುವ ಅಧಿಕಾರವನ್ನು ಅದರ 56ನೆಯ ಪ್ರಕರಣ ನೀಡುತ್ತದೆ. ಆ ಪ್ರಕರಣದ ಇಂಗ್ಲಿಷ್ ಪಾಠದಲ್ಲಿ ‘ಕಟ್ ಆಫ್’, ‘ಕಟ್’, ‘ಡಿಸ್‌ಕನೆಕ್ಟ್’, ‘ಡಿಸ್‌ಕಂಟಿನ್ಯೂ’ ಎಂಬ ಕ್ರಿಯಾಪದಗಳು ಬೇರೆ ಬೇರೆಯಾಗಿಯೇ ಬಂದಿವೆ. ಪೂರೈಕೆಯನ್ನು ‘ಕಟ್ ಆಫ್’ ಮಾಡುವುದು, ಅದಕ್ಕಾಗಿ ತಂತಿಯನ್ನು ‘ಕಟ್’ ಅಥವಾ ‘ಡಿಸ್‌ಕನೆಕ್ಟ್’ ಮಾಡುವುದು, ಬಾಕಿ ತೀರುವವರೆಗೆ ಪೂರೈಕೆಯನ್ನು ‘ಡಿಸ್‌ಕಂಟಿನ್ಯೂ’ ಮಾಡುವುದು ಎಂಬುದು ಅಲ್ಲಿನ ಕ್ರಮ. ಕೊನೆಯಲ್ಲಿ ‘ರೀಕನೆಕ್ಟ್’, ಎಂದರೆ ಮರುಜೋಡಣೆಯ ಪ್ರಸ್ತಾಪವೂ ಇದೆ. ಬಾಕಿ ಮತ್ತು ವೆಚ್ಚ ಪಾವತಿಯಾದ ಮೇಲೆ ಪೂರೈಕೆಯನ್ನು ನಿಲ್ಲಿಸಿಯೇ ಇಡುವಂತಿಲ್ಲ. ಅಂದರೆ ಕಾನೂನಿನ ಕಲ್ಪನೆಯಲ್ಲಿ ಇದು ಕಡಿತವಲ್ಲ, ತಡೆ.

ಅದೇ ಪ್ರಕರಣ ಬಳಕೆದಾರನ ಪರವಾಗಿ ಮೂರು ರಕ್ಷಣೆಗಳನ್ನು ಕೊಟ್ಟಿದೆ. ಮೊದಲನೆಯದು, ಕನಿಷ್ಠ 15 ಪೂರ್ಣ ದಿನಗಳ ಲಿಖಿತ ಸೂಚನೆ ಇಲ್ಲದೆ ಪೂರೈಕೆ ನಿಲ್ಲಿಸುವಂತಿಲ್ಲ. ಎರಡನೆಯದು, ಲೆಕ್ಕದ ಬಗ್ಗೆ ತಕರಾರಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯಂತೆ ಆಗುವ ಮೊತ್ತ ಇವೆರಡರಲ್ಲಿ ಕಡಿಮೆ ಇರುವುದನ್ನು ತಕರಾರನ್ನು ಕಾಯ್ದಿರಿಸಿಕೊಂಡು ಕಟ್ಟಿದರೆ, ವಿವಾದ ತೀರುವವರೆಗೆ ಪೂರೈಕೆ ನಿಲ್ಲಿಸಬಾರದು. ಮೂರನೆಯದು, ಮೊದಲು ಬಾಕಿಯಾದ ದಿನದಿಂದ ಎರಡು ವರ್ಷ ಕಳೆದ ಮೊತ್ತವನ್ನು, ಅದು ಬಾಕಿಯೆಂದು ಬಿಲ್ಲುಗಳಲ್ಲಿ ನಿರಂತರವಾಗಿ ತೋರಿಸುತ್ತ ಬಂದಿರದಿದ್ದರೆ, ವಸೂಲು ಮಾಡುವಂತಿಲ್ಲ. ಅದಕ್ಕಾಗಿ ಪೂರೈಕೆಯನ್ನು ನಿಲ್ಲಿಸುವಂತಿಲ್ಲ.

ಇಷ್ಟೆಲ್ಲ ವಿವರವುಳ್ಳ ಕಾನೂನು ಕಚೇರಿ ಕನ್ನಡದ ಒಂದು ವಾಕ್ಯಕ್ಕೆ ಇಳಿದಾಗ ಸಾಮಾನ್ಯವಾಗಿ ತಳೆಯುವ ರೂಪ ಹೀಗಿರುತ್ತದೆ: ‘ಬಾಕಿ ಪಾವತಿಸದಿದ್ದಲ್ಲಿ ಸಂಪರ್ಕವನ್ನು ಕಡಿತಗೊಳಿಸಲಾಗುವುದು.’ ಈ ವಾಕ್ಯದ ರಚನೆಯನ್ನು ಬಿಡಿಸಿ ನೋಡಬೇಕು. ‘ಕಡಿ’ ಎಂಬ ಕ್ರಿಯಾಪದ ‘ಕಡಿತ’ ಎಂಬ ನಾಮಪದವಾಯಿತು. ಆ ನಾಮಪದಕ್ಕೆ ‘ಗೊಳಿಸು’ ಸೇರಿ ಮತ್ತೆ ಕ್ರಿಯಾಪದವಾಯಿತು. ಅದಕ್ಕೆ ‘ಅಲ್’ ಮತ್ತು ‘ಆಗು’ ಸೇರಿ ‘ಕಡಿತಗೊಳಿಸಲಾಗು’ ಎಂದಾಯಿತು. ಹೀಗೆ ಕ್ರಿಯೆ ಮೂರು ಸುತ್ತು ಸುತ್ತಿ ಬರುವಷ್ಟರಲ್ಲಿ ಕ್ರಿಯೆ ಮಾಡಿದವನು ವಾಕ್ಯದಿಂದ ಮಾಯವಾಗಿರುತ್ತಾನೆ. ಕರ್ಮಣಿ ಪ್ರಯೋಗದ ಸಾಂಪ್ರದಾಯಿಕ ರೂಪವಾದ ‘ಅಲ್ಪಡು’ವಿನಲ್ಲಿ ಕರ್ಮಪದವು ಪ್ರಥಮಾ ವಿಭಕ್ತಿಗೆ ಬಂದು, ಕರ್ತೃವು ‘ಇಂದ’ ಪ್ರತ್ಯಯದೊಡನೆ ನಿಲ್ಲಲು ಅವಕಾಶವಿದೆ. ‘ಅಲಾಗು’ ರೂಪದಲ್ಲಿ ಕರ್ಮಪದ ದ್ವಿತೀಯಾ ವಿಭಕ್ತಿಯಲ್ಲಿಯೇ ಉಳಿಯುತ್ತದೆ, ಕರ್ತೃಸ್ಥಾನ ಬರಿದಾಗಿರುತ್ತದೆ. ಆಡಳಿತಕ್ಕೆ ಇದು ಅನುಕೂಲಕರ; ಓದುವವನಿಗೆ ಯಾರನ್ನು ಕೇಳಬೇಕು, ಎಂದಿನವರೆಗೆ, ಯಾವಾಗ ಮತ್ತೆ ಬರುತ್ತದೆ ಎಂಬುದು ತಿಳಿಯುವುದಿಲ್ಲ.

ಮೈಸೂರಿನ ನೀರು ಪೂರೈಕೆಯನ್ನು ಬಹುಕಾಲದಿಂದ ನೋಡಿಕೊಳ್ಳುತ್ತ ಬಂದಿರುವ ವಾಣಿವಿಲಾಸ ನೀರು ಸರಬರಾಜು ಕೇಂದ್ರದ ಹೆಸರಿನಲ್ಲಿರುವ ‘ಸರಬರಾಜು’ ಇಲ್ಲಿ ನೆನಪಿಗೆ ಬರುತ್ತದೆ. ಪರ್ಷಿಯನ್ ಮೂಲದ ಈ ಪದವು ಒದಗಿಸುವಿಕೆಯನ್ನು ಹೇಳುತ್ತದೆ. ಒದಗಿಸುವುದನ್ನು ‘ನಿಲ್ಲಿಸಬಹುದು’, ‘ತಡೆಯಬಹುದು’, ‘ಮುಂದುವರಿಸಬಹುದು’. ‘ಸಂಪರ್ಕ’ದ ಬದಲು ‘ಸರಬರಾಜು’ ಅಥವಾ ‘ಪೂರೈಕೆ’ಯನ್ನು ವಾಕ್ಯದ ಕೇಂದ್ರದಲ್ಲಿರಿಸಿದರೆ ‘ಕಡಿತ’ದ ಅಗತ್ಯವೇ ಬೀಳುವುದಿಲ್ಲ. ‘15 ದಿನಗಳೊಳಗೆ ಬಾಕಿ ಕಟ್ಟದಿದ್ದರೆ ನಿಗಮವು ನಿಮ್ಮ ಮನೆಗೆ ವಿದ್ಯುತ್ ಪೂರೈಕೆಯನ್ನು ನಿಲ್ಲಿಸುತ್ತದೆ. ಬಾಕಿಯನ್ನೂ ಮರುಜೋಡಣೆಯ ವೆಚ್ಚವನ್ನೂ ಕಟ್ಟಿದ ಮೇಲೆ ಮತ್ತೆ ಪೂರೈಸುತ್ತದೆ. ಲೆಕ್ಕದ ಬಗ್ಗೆ ತಕರಾರಿದ್ದರೆ ಹಣ ಕಟ್ಟುವಾಗಲೇ ಅದನ್ನು ಬರೆದುಕೊಡಬಹುದು’ ಎಂಬಂತಹ ವಾಕ್ಯಗಳಲ್ಲಿ ಕರ್ತೃವೂ ಇದ್ದಾನೆ, ಅವಧಿಯೂ ಇದೆ, ದಾರಿಯೂ ಇದೆ. 1963ರ ಕರ್ನಾಟಕ ರಾಜಭಾಷಾ ಕಾಯಿದೆಯ ಮೂಲಕ ಕನ್ನಡವು ಆಡಳಿತ ಭಾಷೆಯಾದುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳನ್ನು ಕೂರಿಸುವುದಕ್ಕಷ್ಟೇ ಅಲ್ಲ, ಆಡಳಿತ ಜನರಿಗೆ ಅರ್ಥವಾಗಲಿ ಎಂಬುದಕ್ಕಾಗಿ.

8. ನಿಘಂಟುಗಳು ಮತ್ತು ಹೊಸ ಬಳಕೆಗಳು

ವಿಲಿಯಂ ರೀವ್ 1824ರಲ್ಲಿ ಪ್ರಕಟಿಸಿದ ಇಂಗ್ಲಿಷ್–ಕನ್ನಡ ನಿಘಂಟಿನಿಂದ ಹಿಡಿದು 1946ರ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಮತ್ತು ಅದರ ಪರಿಷ್ಕೃತ ಆವೃತ್ತಿಗಳವರೆಗೆ ಕನ್ನಡಕ್ಕೆ ದ್ವಿಭಾಷಾ ನಿಘಂಟುಗಳ ದೀರ್ಘ ಪರಂಪರೆಯಿದೆ. 1894ರ ಕಿಟ್ಟೆಲ್ ಕೋಶ ಕನ್ನಡದಿಂದ ಇಂಗ್ಲಿಷಿಗೆ ಹೋಗುವ ದಾರಿ ತೋರಿಸಿತು. ಪತ್ರಿಕೆಯ ಓದುಗರ ಪದಸಂದೇಹಗಳಿಗೆ ಉತ್ತರಿಸುವ ಕೆಲಸವನ್ನು 1991ರಿಂದ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಜಿ. ವೆಂಕಟಸುಬ್ಬಯ್ಯನವರು ಬಹುಕಾಲ ನಡೆಸಿದರು. ದ್ವಿಭಾಷಾ ನಿಘಂಟು ಒಂದು ಪದಕ್ಕೆ ಹಲವು ಪರ್ಯಾಯಗಳನ್ನು ಸಾಲಾಗಿ ನೀಡಬಲ್ಲುದು. ಆ ಸಾಲಿನಲ್ಲಿ ಯಾವುದು ಯಾವ ಸಂದರ್ಭಕ್ಕೆ ಸಲ್ಲುತ್ತದೆ ಎಂಬ ವಿವೇಕವನ್ನು ಬಳಸುವವನೇ ತರಬೇಕಾಗುತ್ತದೆ. ಮೊದಲ ಪರ್ಯಾಯವನ್ನೇ ಎಲ್ಲ ಕಡೆಗೂ ಹಚ್ಚುವ ಅಭ್ಯಾಸದಿಂದ ತೊಡಕು ಹುಟ್ಟುತ್ತದೆ.

ಈ ತೊಡಕಿಗೆ ಇತ್ತೀಚಿನ ಎರಡು ಬಳಕೆಗಳು ಸಾಕ್ಷಿ. ಕೆಲಸದ ವೇಳೆ ಮುಗಿದ ಮೇಲೆ ಕಚೇರಿಯ ಕರೆ, ಮಿಂಚಂಚೆಗಳಿಗೆ ಉತ್ತರಿಸದಿರುವ ಸ್ವಾತಂತ್ರ್ಯಕ್ಕೆ ಇಂಗ್ಲಿಷಿನಲ್ಲಿ ‘ರೈಟ್ ಟು ಡಿಸ್‌ಕನೆಕ್ಟ್’ ಎಂಬ ಹೆಸರಿದೆ. ಫ್ರಾನ್ಸಿನಲ್ಲಿ ಇದು 2017ರ ಜನವರಿಯಿಂದ ಕಾನೂನಾಗಿ ಜಾರಿಗೆ ಬಂದಿತು. ಭಾರತದ ಲೋಕಸಭೆಯಲ್ಲಿ ಇದೇ ಹೆಸರಿನ ಖಾಸಗಿ ಸದಸ್ಯರ ಮಸೂದೆಯೊಂದು 2018ರಲ್ಲಿ ಮಂಡನೆಯಾಯಿತು. ಇದನ್ನು ‘ಸಂಪರ್ಕ ಕಡಿತದ ಹಕ್ಕು’ ಎಂದು ಅನುವಾದಿಸಿದರೆ ಮೈಸೂರಿನ ಓದುಗನಿಗೆ ಅದು ವಿದ್ಯುತ್ ಸಂಸ್ಥೆಯ ಹಕ್ಕಿನಂತೆ ಕೇಳಿಸುತ್ತದೆ. ನೌಕರನ ಬಿಡುವಿನ ಹಕ್ಕು ನೌಕರನ ಮೇಲಿನ ದಂಡನೆಯ ಧ್ವನಿ ಪಡೆದುಬಿಡುತ್ತದೆ. ಇಲ್ಲಿ ಬೇಕಾದುದು ‘ಕಡಿ’ ಅಲ್ಲ, ‘ಬಿಡು’. ‘ಕೆಲಸದಾಚೆಗಿನ ಬಿಡುವಿನ ಹಕ್ಕು’ ಅಥವಾ ‘ಕರೆಗೆ ಸಿಗದಿರುವ ಹಕ್ಕು’ ಎಂಬುದು ಆಶಯಕ್ಕೆ ಹತ್ತಿರವಾಗುತ್ತದೆ.

ಎರಡನೆಯದು ‘ಡಿಸ್‌ಕನೆಕ್ಟ್’ ಪದದ ನಾಮಪದ ಬಳಕೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೆಚ್ಚು ಪ್ರಚಾರಕ್ಕೆ ಬಂದ ಈ ಬಳಕೆ ಹೇಳುವುದು ಇಬ್ಬರ ತಿಳಿವಳಿಕೆ, ಮಾತು ಅಥವಾ ನಡೆಗಳು ಹೊಂದಿಕೊಳ್ಳದಿರುವುದನ್ನು. ಪಠ್ಯಕ್ಕೂ ತರಗತಿಗೂ, ಸರ್ಕಾರದ ಯೋಜನೆಗೂ ಹಳ್ಳಿಯ ಅಗತ್ಯಕ್ಕೂ ಇರುವ ಅಂತರ ಈ ಬಗೆಯದು. ಇಲ್ಲಿ ಮೊದಲಿದ್ದ ಕೊಂಡಿಯೊಂದು ಕಡಿದಿದೆ ಎಂಬ ಸೂಚನೆಯೇ ಇಲ್ಲ. ಕೊಂಡಿ ಇರದೆಯೂ ಇರಬಹುದು. ಆದ್ದರಿಂದ ‘ಕಡಿತ’ ಸಲ್ಲದು. ‘ತಾಳಮೇಳವಿಲ್ಲ’, ‘ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು’ ಎಂಬ ರೂಢಿಯ ಮಾತುಗಳು ಈ ಅರ್ಥವನ್ನು ಬಹುಹಿಂದೆಯೇ ಹೇಳಿವೆ. ವಿದ್ವತ್ ಬರವಣಿಗೆಗೆ ‘ಹೊಂದಾಣಿಕೆಯ ಕೊರತೆ’, ‘ಕಂದರ’, ‘ಅಂತರ’ಗಳು ಸಂದರ್ಭಾನುಸಾರ ಒದಗುತ್ತವೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ‘ಡಿಸ್‌ಕನೆಕ್ಟ್’ ಎಂಬುದರ ಮೂಲಾರ್ಥ ಬಿಚ್ಚುವಿಕೆಗೆ ಸೇರಿದ್ದು. ಕನ್ನಡದಲ್ಲಿ ಅದಕ್ಕೆ ಒದಗಿದ ‘ಕಡಿತ’ ಕತ್ತರಿಸುವಿಕೆಗೆ ಸೇರಿದ್ದು. ಇದರಿಂದ ತಾತ್ಕಾಲಿಕವಾದುದು ಶಾಶ್ವತವೆಂಬಂತೆ, ತಡೆ ದಂಡನೆಯೆಂಬಂತೆ ಧ್ವನಿಸುತ್ತದೆ. ಬೇರ್ಪಡಿಕೆಯ ಬಗೆಯನ್ನೂ ಅದನ್ನು ಮಾಡಿದವರನ್ನೂ ನಿಖರವಾಗಿ ಹೇಳುವ ಶಕ್ತಿ ಕನ್ನಡದ ಧಾತುಗಳಿಗಿದ್ದರೂ, ಆ ಶಕ್ತಿ ಆಡುಮಾತಿನಲ್ಲಿ ಉಳಿದು ಆಡಳಿತದ ಬರವಣಿಗೆಯಲ್ಲಿ ಕುಂದಿದೆ. ‘ಸಂಪರ್ಕ ಕಡಿತ’ ಈಗ ರೂಢಿಗೊಂಡ ಪದ. ಅದನ್ನು ತೆಗೆದುಹಾಕುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಪ್ರವಾಹದಿಂದ ಊರು ಬೇರ್ಪಟ್ಟಾಗ, ಸ್ಥಾವರವನ್ನೇ ಶಾಶ್ವತವಾಗಿ ತೆಗೆದುಹಾಕಿದಾಗ ಅದು ಸರಿಯಾಗಿಯೇ ಸಲ್ಲುತ್ತದೆ. ಬಾಕಿಗಾಗಿ ಕೆಲಕಾಲ ನಿಲ್ಲುವುದಕ್ಕೆ ‘ಪೂರೈಕೆ ನಿಲುಗಡೆ’, ಬಡಾವಣೆಯ ದುರಸ್ತಿಗೆ ‘ವ್ಯತ್ಯಯ’, ಕೆಲಸದಾಚೆಯ ಬಿಡುವಿಗೆ ‘ಬಿಡು’ವಿನ ರೂಪಗಳು, ಅಭಿಪ್ರಾಯಗಳು ಕೂಡದಿರುವುದಕ್ಕೆ ‘ಅಂತರ’ ಎಂದು ವಿಂಗಡಿಸಿಕೊಂಡರೆ ಒಂದೇ ಪದದ ಮೇಲೆ ಬಿದ್ದಿರುವ ಭಾರ ಇಳಿಯುತ್ತದೆ. ಪರಿಭಾಷೆಯನ್ನು ರೂಪಿಸುವವರು ನಿಘಂಟಿನ ಪುಟಗಳ ಜೊತೆಗೆ ‘ಫ್ಯೂಸ್ ಕಿತ್ತರು’, ‘ಇಡ್ತೀನಮ್ಮ’ ಎನ್ನುವ ಬಾಯಿಮಾತಿಗೂ ಕಿವಿಗೊಡಬೇಕಾದ ಅಗತ್ಯವನ್ನು ಈ ಒಂದು ಪದದ ಚರಿತ್ರೆ ಮನಗಾಣಿಸುತ್ತದೆ.